ಮೂಗಿನ ಚಕ್ರ, ಬಾಲದ ಚಕ್ರ

ಕೇಳುಗರಿಗೆ ನಮಸ್ಕಾರ. ಪುಟ್ಟ ವಿಮಾನ ಹಾರಿಸಲು ಕಲಿಯುವವರನ್ನು ಕೇಳಿ ನೋಡಿ: ಏರುವುದಕ್ಕೆ ಹೆದರುವವರು ಕಡಿಮೆ. ಬೆವರಿಳಿಸುವುದು ಚಕ್ರ ನೆಲ ಮುಟ್ಟಿದ ಮೇಲಿನ ಕೆಲವು ಸೆಕೆಂಡುಗಳು.

ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಪುಷ್ಪಕ್ ವಿಮಾನವನ್ನೇ ತೆಗೆದುಕೊಳ್ಳಿ. 1958ರಲ್ಲಿ ಮೊದಲು ಹಾರಿತು. ಎರಡೇ ಸೀಟು, ತಲೆಯ ಮೇಲೆ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹುಡುಗರು ಕೈ ಪಳಗಿಸಿಕೊಂಡದ್ದು ಅದರಲ್ಲಿ. ಅದಕ್ಕೆ ಮುಂದೆ ಎರಡು ಚಕ್ರ, ಬಾಲದಡಿ ಒಂದು ಪುಟಾಣಿ ಚಕ್ರ. ಗುರುತ್ವ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದೆ. ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರನ್ನು ರಿವರ್ಸ್ ತೆಗೆದವರಿಗೆ ಇದರ ಕಾಟ ಗೊತ್ತು: ಒಂದು ಚೂರು ಸೊಟ್ಟಗಾದರೆ ಸಾಕು, ತಾನಾಗಿ ನೆಟ್ಟಗಾಗದು, ಇನ್ನಷ್ಟು ತಿರುಗಿಕೊಳ್ಳುತ್ತದೆ. ಅಡ್ಡಗಾಳಿ ಬಾಲಕ್ಕೆ ಹೊಡೆಯುತ್ತದೆ, ಮೂಗು ಗಾಳಿಯ ಕಡೆ ಹೊರಳುತ್ತದೆ. ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಕಲಿಯುವವನ ಕಾಲು ಒತ್ತುವುದು ಅರೆಕ್ಷಣ ತಡ, ಒತ್ತಿದಾಗ ವಿಪರೀತ. ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿ ನೆಲ ಉಜ್ಜುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನುವುದು. ಇಳಿದಾಯಿತಲ್ಲ ಎಂದು ಕಾಲು ಸಡಿಲ ಬಿಟ್ಟವನಿಗೇ ಇದು ಹೆಚ್ಚು.

ಇನ್ನೊಂದು ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಮೂರನೇ ಚಕ್ರ ಮೂಗಿನಡಿ ಇದೆ. ಗುರುತ್ವ ಕೇಂದ್ರ ಹಿಂದಿನ ಎರಡು ಚಕ್ರಗಳ ಮುಂದಿರುವುದರಿಂದ, ಕೊಂಚ ಸೊಟ್ಟಗೆ ಇಳಿದರೂ ವಿಮಾನ ನೆಟ್ಟಗಾಗಲು ನೋಡುತ್ತದೆ. ಹಾಗಾದರೆ ತೊಂದರೆ ತೀರಿತೇ? ಇಲ್ಲ, ಚಕ್ರದ ಜೊತೆ ಅದೂ ಮೂಗಿಗೇ ಬಂತು.

ಇಳಿಯಲು 65 ನಾಟ್, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಬರಬೇಕಾದವನು, ಇರಲಿ ಎಂದು 75ರಲ್ಲಿ ಬರುತ್ತಾನೆ. ಹತ್ತೇ ನಾಟ್ ತಾನೆ? ಚಲನಶಕ್ತಿಯ ಲೆಕ್ಕದಲ್ಲಿ ಮೂರನೇ ಒಂದು ಪಾಲು ಹೆಚ್ಚು. ವಿಮಾನ ನೆಲಕ್ಕೆ ಕೂರದೆ ತೇಲುತ್ತ ಹೋಗುತ್ತದೆ, ರನ್‌ವೇ ಹಿಂದೆ ಸರಿಯುತ್ತಿರುತ್ತದೆ. ಗಾಬರಿಯಲ್ಲಿ ಯೋಕ್, ಅಂದರೆ ಮೂಗನ್ನು ಏರಿಳಿಸುವ ಹಿಡಿಕೆಯನ್ನು, ಮುಂದಕ್ಕೆ ತಳ್ಳುತ್ತಾನೆ. ಮೂಗಿನ ಚಕ್ರ ಮೊದಲು ತಾಗಿ ವಿಮಾನ ಪುಟಿಯುತ್ತದೆ. ಮತ್ತೆ ತಳ್ಳುತ್ತಾನೆ. ಮೂಗು ತಾನೇ ಇಳಿಯತೊಡಗಿದ ಹೊತ್ತಿಗೆ ಕೈಯೂ ಅದನ್ನು ಕೆಳಕ್ಕೆ ಒತ್ತಿರುತ್ತದೆ. ಎರಡನೇ ಪುಟಿತ ಇನ್ನೂ ಜೋರು. ಮುಂದಿನದರಲ್ಲಿ ಮೂಗಿನ ಕಾಲು ಮುರಿದು, ಪ್ರೊಪೆಲ್ಲರ್ ಟಾರಿಗೆ ಬಡಿದು ಬಾಗಬಹುದು. ಪ್ರೊಪೆಲ್ಲರ್ ಬಡಿದರೆ ಎಂಜಿನ್ ಬಿಚ್ಚಿ ನೋಡಲೇಬೇಕು; ಖರ್ಚಿನ ಮಾತು ಬೇಡ ಬಿಡಿ.

ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರೆ 'ಐ ಹ್ಯಾವ್ ಕಂಟ್ರೋಲ್' ಎಂದು ಕೈ ಹಾಕುತ್ತಾರೆ. ಒಬ್ಬನೇ ಹಾರುವ ಸೋಲೋದಲ್ಲಿ ಆ ಸೀಟು ಖಾಲಿ. ನನ್ನನ್ನು ಕೇಳಿದರೆ, ಸೋಲೋಗೆ ಬಿಡುವ ಮುಂಚೆ ನೋಡಬೇಕಾದ್ದು ಹುಡುಗ ಎಷ್ಟು ನಯವಾಗಿ ಇಳಿಸಿದ ಎಂಬುದನ್ನಲ್ಲ. ಕೆಟ್ಟ ಇಳಿತವನ್ನು ಎಷ್ಟು ಬೇಗ ಕೈಬಿಟ್ಟ ಎಂಬುದನ್ನು. ಜೋರಾಗಿ ಪುಟಿದ ವಿಮಾನವನ್ನು ಹೇಗಾದರೂ ಕೂರಿಸುತ್ತೇನೆಂಬ ಹಠ ಬೇಡ. ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರಬೇಕು. ಇದೇ ಗೋ ಅರೌಂಡ್.

ಅದನ್ನೂ ಅಭ್ಯಾಸ ಮಾಡಿರಬೇಕು. ಪೂರ್ತಿ ಥ್ರಾಟಲ್ ಕೊಟ್ಟೊಡನೆ ಸೆಸ್ನಾದ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಸಿದ್ಧವಿರಬೇಕು. ಕೈಗೆ ಭಾರ ಬೀಳದಂತೆ ಮೂಗನ್ನು ಹಿಡಿದಿಡುವ ಹೊಂದಾಣಿಕೆಗೆ ಟ್ರಿಮ್ ಅನ್ನುತ್ತಾರೆ; ಇಳಿಯಲೆಂದು ಇಟ್ಟ ಆ ಟ್ರಿಮ್ ಮೂಗನ್ನು ಮೇಲಕ್ಕೆ ನೂಕುತ್ತದೆ, ವೇಗ ಬೀಳದಂತೆ ಯೋಕನ್ನು ಮುಂದಕ್ಕೆ ಹಿಡಿದಿಟ್ಟುಕೊಳ್ಳಬೇಕು. ನಿಧಾನವಾಗಿ ಹಾರಲೆಂದು ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಟ್ಟ ಫ್ಲ್ಯಾಪ್‌ಗಳನ್ನು ಒಂದೊಂದೇ ಹಂತವಾಗಿ ಎತ್ತಬೇಕು. ಒಮ್ಮೆಗೇ ಎತ್ತಿದರೆ ವಿಮಾನ ಅಲ್ಲೇ ಕುಸಿಯಬಹುದು. ಇಷ್ಟು ಮಾಡಿ ಸರ್ಕ್ಯೂಟ್, ಅಂದರೆ ರನ್‌ವೇ ಸುತ್ತ ಹಾರುವ ದಾರಿಯ ಎತ್ತರಕ್ಕೆ ಏರಿದರೆ, ಮತ್ತೆ ಇಳಿಯಲು ಅದೇ ರನ್‌ವೇ ಇದ್ದೇ ಇದೆ. ಈ ಸಲ 65ರಲ್ಲಿ.