ದಿವಾಳಿ ಅರ್ಜಿಗೆ ಮುನ್ನ

ಕೇಳುಗರಿಗೆ ನಮಸ್ಕಾರ. ಬಾಗಲಕೋಟೆ, ವಿಜಯಪುರದ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಸಾಲದಿಂದ ಕಂಗೆಟ್ಟು ಬರುವವರು ಮೊದಲು ಕೇಳುವುದು, ‘ದಿವಾಳಿ ಅರ್ಜಿ ಹಾಕಿದರೆ ಮನೆ ಉಳಿಯುತ್ತದೆಯೇ?’ ಎಂದು. ಉತ್ತರಕ್ಕೆ ಮುನ್ನ ನಾನು ಅವರ ಕೈಗೊಂದು ಹಾಳೆ ಕೊಟ್ಟು, ಇರುವ ಆಸ್ತಿಯನ್ನೂ ತೀರಿಸಬೇಕಾದ ಸಾಲವನ್ನೂ, ಬೀಗರಿಂದ ಪಡೆದ ಕೈಗಡವನ್ನು ಕೂಡ, ಬಿಡದೆ ಬರೆಯಲು ಹೇಳುತ್ತೇನೆ. ಏನನ್ನೂ ಮುಚ್ಚಿಡಬೇಡಿ, ಈ ದಿನ ನಾನು ಹೇಳಬೇಕಾದದ್ದು ಇಷ್ಟೇ.

2016ರ ದಿವಾಳಿ ಸಂಹಿತೆಯ ಹೆಸರು ಕೇಳಿ ಬೆಂಗಳೂರಿಗೆ ಹೋಗಬೇಕೇನೋ ಎಂದು ಅಂಜುವವರಿದ್ದಾರೆ. ಆ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ 2019ರ ಡಿಸೆಂಬರ್‌ನಿಂದ ಜಾರಿಯಾಗಿದೆ. ರೈತರು, ನೇಕಾರರು, ಕಿರಾಣಿ ಅಂಗಡಿಯವರು, ನೌಕರರು ಎಲ್ಲರಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಅನ್ವಯವಾಗುತ್ತದೆ. ಅರ್ಜಿ ನಿಮ್ಮ ಜಿಲ್ಲೆಯಲ್ಲೇ ನಡೆಯುತ್ತದೆ.

ಗುಳೇದಗುಡ್ಡದ ಕಡೆಯ ಖಣ ನೇಯುವವರೊಬ್ಬರ ಪ್ರಕರಣವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಪತ್ತಿನ ಸಂಘದ ಸಾಲ, ನೂಲಿನ ಸಾವಕಾರರ ಬಾಕಿ ಎರಡೂ ಮಿತಿಮೀರಿದಾಗ, ಯಾರೋ ಬುದ್ಧಿವಂತರ ಮಾತು ಕೇಳಿ ಅವರು ಮನೆಯನ್ನು ಹೆಂಡತಿಯ ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಸಾಲದೆಂಬಂತೆ, ತಾವೇ ಕುಳಿತು ನೇಯುವ ಕೈಮಗ್ಗವನ್ನು ರಾತ್ರೋರಾತ್ರಿ ಬಿಚ್ಚಿ ಬೀಗರ ಮನೆಗೆ ಸಾಗಿಸಿದರು. ಅರ್ಜಿ ಹಾಕಿದ್ದು ಅದಾದ ಮೇಲೆ. ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಪುಕ್ಕಟೆಯಾಗಿ ವರ್ಗಾಯಿಸಿದ ಆಸ್ತಿಯನ್ನು ನ್ಯಾಯಾಲಯವು ಮರಳಿ ಎಳೆದುಕೊಳ್ಳಬಲ್ಲದು. ದಾನಪತ್ರ ರದ್ದಾಯಿತು, ಮನೆ ಹೋಯಿತು. ಇನ್ನು ಆ ಮಗ್ಗದ ಸಂಗತಿ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕಸುಬುದಾರನ ಉಪಕರಣ, ಮೈಮೇಲಿನ ಬಟ್ಟೆ, ಅಡುಗೆ ಪಾತ್ರೆ, ರೈತನಾದರೆ ಎತ್ತು, ನೇಗಿಲು, ಬಿತ್ತನೆ ಬೀಜ ಮತ್ತು ಆ ರೈತನ ವಾಸದ ಮನೆ, ಇವು ಯಾವುವನ್ನೂ ಜಪ್ತಿ ಮಾಡುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಲ್ಲಿದೆ. ಯಾರೂ ಮುಟ್ಟಲಾಗದ ಮಗ್ಗವನ್ನು ಬಚ್ಚಿಟ್ಟು ಅವರು ತಾವೇ ಅಪರಾಧಿಯ ಸ್ಥಾನದಲ್ಲಿ ನಿಂತರು, ಏಕೆಂದರೆ ಆಸ್ತಿ ಮರೆಮಾಚಿದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಪಟ್ಟಿಯಲ್ಲಿ ಒಂದು ಸಾಲು ಬರೆದಿದ್ದರೆ ಮಗ್ಗ ಮನೆಯಲ್ಲೇ ಇರುತ್ತಿತ್ತು!

ಸಮಯ ಸರಿಯುತ್ತಿರುವುದರಿಂದ ಉಳಿದವನ್ನು ಬೇಗ ಹೇಳುತ್ತೇನೆ. ಒತ್ತೆ ಇಟ್ಟ ಮನೆ ಅಥವಾ ಚಿನ್ನದ ಮೇಲೆ ಬ್ಯಾಂಕಿನ ಹಕ್ಕು ಹಾಗೆಯೇ ಇರುತ್ತದೆ. ಸರ್ಕಾರಿ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಮನ್ನಾ ಆಗುವುದಿಲ್ಲ. ನಿಮಗೆ ಜಾಮೀನು ನಿಂತ ಗೆಳೆಯನಿಗೂ ಬಿಡುಗಡೆಯಿಲ್ಲ. ಅರ್ಜಿ ಹಾಕುವ ಮೊದಲೇ ಅವನಿಗೆ ತಿಳಿಸಿ. ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಉಳಿದವರನ್ನು ಬಿಟ್ಟು ನಂಟರೊಬ್ಬರ ಸಾಲವನ್ನಷ್ಟೇ ತೀರಿಸಿದ್ದರೆ ಅದೂ ರದ್ದಾಗಬಹುದು, ಆದ್ದರಿಂದ ಅದನ್ನೂ ಬರೆಯಿರಿ.

ದಿವಾಳಿ ಎಂದು ಘೋಷಿಸಿದೊಡನೆ ಸಾಲ ಹರಿಯಿತೆಂದು ಹಲವರು ಮನೆಗೆ ಹೋಗಿ ಸುಮ್ಮನಾಗುತ್ತಾರೆ. ನ್ಯಾಯಾಲಯ ಕೊಟ್ಟ ಗಡುವಿನೊಳಗೆ ಋಣವಿಮೋಚನೆಗಾಗಿ ಮತ್ತೊಂದು ಅರ್ಜಿ ಕೊಡಲೇಬೇಕು. ಕೊಡದಿದ್ದರೆ ಘೋಷಣೆಯೇ ರದ್ದಾಗಿ ಸಾಲ ಕೊಟ್ಟವರು ಪುನಃ ಬಾಗಿಲಿಗೆ ಬರುತ್ತಾರೆ. ವಕೀಲರ ಫೀಸಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ.