ಇನ್ನೊಂದು ಗೆರೆ ಬೇಕೇ?

ಈಗ ನೀವು ನೋಡುತ್ತಿರುವುದು ಪಾಂಡವಪುರದ ಬಳಿಯ ಕುಂತಿಬೆಟ್ಟ. ಜಲವರ್ಣ. ಆಕಾಶ ಆಯಿತು, ಬಂಡೆಗಳು ಎದ್ದು ನಿಂತವು, ಕೆಳಗಿನ ಕಬ್ಬಿನ ಗದ್ದೆಗೂ ಹಸಿರು ಬಿತ್ತು. ಇನ್ನು ಕುಂಚ ಕೆಳಗಿಡಬಹುದೇ?

ಈ ತೀರ್ಮಾನವನ್ನು ಕಾಗದ ಹಸಿಯಾಗಿರುವಾಗ ಮಾಡಲೇಬಾರದು. ಜಲವರ್ಣ ಆರಿದ ಮೇಲೆ ತಿಳಿಯಾಗುತ್ತದೆ. ಈಗ ಗಾಢವಾಗಿ ಕಾಣುವ ನೆರಳು ಆಮೇಲೆ ಪೇಲವವಾಗಬಹುದು. ಬಂಡೆಯ ಈ ಅಂಚನ್ನು ಹತ್ತಿರದಿಂದ ನೋಡಿ. ನೀರಿನ ಹೊಳಪು ಹೋಗಿದೆ, ಆದರೆ ಬೆರಳಿಟ್ಟರೆ ಇನ್ನೂ ತಣ್ಣಗಿದೆ. ಕೈ ಸುಮ್ಮನಿರದ ಹೊತ್ತು ಇದೇ. ನೀರು ತುಂಬಿದ ಕುಂಚವನ್ನು ಈಗ ತಾಗಿಸಿದರೆ, ಅರೆ ಆರಿದ ಬಣ್ಣದ ಕಣಗಳು ಅಂಚಿಗೆ ಸರಿದು ಹೂಕೋಸಿನಂಥ ಕಲೆ ಏಳುತ್ತದೆ.

ತೈಲವರ್ಣದವರಿಗೆ ಈ ಇಕ್ಕಟ್ಟಿಲ್ಲ. 1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ, ಆಗಲೇ ಗೋಡೆಗೇರಿದ್ದ ತನ್ನ ಬೂದು ಕಡಲಿನ ಚಿತ್ರಕ್ಕೆ ಇಂಗ್ಲಿಷ್ ಚಿತ್ರಕಾರ ಟರ್ನರ್ ಒಂದು ಕೆಂಪು ಬೊಟ್ಟು ಇಟ್ಟು ಹೋದ. ಪಕ್ಕದಲ್ಲೇ ಅವನ ಕಾಲದ ಇನ್ನೊಬ್ಬ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ಕೆಂಪು ತುಂಬಿದ ಚಿತ್ರವಿತ್ತು. ಆಮೇಲೆ ಟರ್ನರ್ ಬಂದು ಆ ಬೊಟ್ಟನ್ನೇ ಹಡಗುಗಳಿಗೆ ದಾರಿ ತೋರುವ ತೇಲುಗುರುತಾಗಿ ತಿದ್ದಿದ. ನನಗೆ ಇದು ಬಹಳ ಇಷ್ಟ. ಆ ಕೆಂಪಿಗೆ ಅಲ್ಲಿ ಮಾಡಲು ಕೆಲಸವಿತ್ತು.

ನಮ್ಮ ಜಲವರ್ಣದಲ್ಲಿ ಬಿಳುಪು ಕಾಗದದ್ದೇ. ಮುಚ್ಚಿದರೆ ಹೋಯಿತು, ಹಾಗೆಯೇ ಮರಳಿ ಸಿಗುವುದಿಲ್ಲ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿರುವ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳನ್ನು ಎಂದಾದರೂ ನೋಡಿ. ಅಷ್ಟು ನಾಜೂಕಾಗಿ ದುಡಿದ ಕೈ ಅದು. ಹಾಗಾಗಿ ಜಲವರ್ಣದವರಿಗೆ ಹೇಳುವ ‘ಬೇಗ ನಿಲ್ಲಿಸಿ’ ಎಂಬ ಬುದ್ಧಿವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಷ್ಟು ಗೆರೆ ಎಂಬುದು ಲೆಕ್ಕವಲ್ಲ. ಮುಂದಿನ ಗೆರೆ ಏನು ಮಾಡಬೇಕು ಎಂದು ಹೇಳಬಲ್ಲೆನೇ ಎಂದಷ್ಟೇ ನನ್ನನ್ನು ಕೇಳಿಕೊಳ್ಳುತ್ತೇನೆ.

ಈಗ ಕಾಗದ ಪೂರ್ತಿ ಆರಿದೆ. ಬಂಡೆ ಗದ್ದೆಯನ್ನು ಸೇರುವ ಜಾಗ ನೋಡಿ: ಬಂಡೆಗೆ ಭಾರವೇ ಇಲ್ಲ, ತೇಲುತ್ತಿದೆ. ಬುಡಕ್ಕೆ ಕಡುನೀಲಿ ಬೆರೆತ ಕಂದು ಬೇಕು. ಹಾಕುತ್ತೇನೆ. ಕೂತಿತು. ಎಡಗಡೆಯ ಮರಕ್ಕೆ ನಾಲ್ಕು ಎಲೆ ಸೇರಿಸೋಣ ಎನಿಸುತ್ತಿದೆ, ಯಾಕೆಂದು ಹೇಳಲಾರೆ. ಹಾಗಾದರೆ ಬೇಡ. ಬಲಗಡೆ ಕೆಳಗೆ ಸಹಿ ಹಾಕುತ್ತಿದ್ದೇನೆ.