ಡಾಟ್ಸನ್ 240ಝಡ್: ಯಾವ ಪ್ಲಗ್, ಯಾವ ಶಾಕ್?

ಟೇಬಲ್ ಮೇಲೆ ಸಾಲಾಗಿ ಕಾಣ್ತಿರೋದು ನನ್ನ ಹಳೇ ಜಪಾನೀ ಸ್ಪೋರ್ಟ್ಸ್ ಕಾರು ಡಾಟ್ಸನ್ 240ಝಡ್‌ನಿಂದ ಈಗಷ್ಟೇ ಬಿಚ್ಚಿದ ಆರು ಸ್ಪಾರ್ಕ್ ಪ್ಲಗ್. ಮುಂದಿನ ಮೂರರ ತುದಿ ನೋಡಿ, ತಿಳಿ ಕಂದು. ಬೇಕಾಗಿರೋದೇ ಆ ಬಣ್ಣ. ಹಿಂದಿನ ಮೂರು ಮಾತ್ರ ಲಾಟೀನಿನ ಗಾಜಿನ ಹಾಗೆ ಮಸಿ ಹಿಡಿದಿವೆ.

ಒಂದು ಅಂಕಿ ಬಿಸಿ ಪ್ಲಗ್ ಹಾಕಿಬಿಡೋಣ ಅಂತ ಮೊದಲು ಅನ್ನಿಸ್ತು. ಈಗಿರೋದು ಎನ್‌ಜಿಕೆ ಕಂಪನಿಯ ಬಿಪಿ6ಇಎಸ್. ಆ 6 ಅನ್ನೋದು ಹೀಟ್ ರೇಂಜ್, ಅಂದ್ರೆ ತುದಿಯ ಶಾಖವನ್ನ ಪ್ಲಗ್ ಎಷ್ಟು ಬೇಗ ಇಂಜಿನ್‌ನ ಮೇಲ್ಭಾಗವಾದ ಹೆಡ್‌ಗೆ ದಾಟಿಸುತ್ತೆ ಅನ್ನೋ ಲೆಕ್ಕ. ಎನ್‌ಜಿಕೆಯಲ್ಲಿ 5 ಇನ್ನೂ ಬಿಸಿ, 7 ತಣ್ಣಗೆ. ಬಾಷ್‌ನಲ್ಲಿ ಇದು ಉಲ್ಟಾ, ಬ್ರ್ಯಾಂಡ್ ಬದಲಿಸುವಾಗ ಎಡವೋದು ಇಲ್ಲೇ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ತನ್ನ ಮಸಿಯನ್ನ ತಾನೇ ಸುಟ್ಟುಕೊಳ್ಳುತ್ತೆ. 850ರ ಆಚೆ ಹೋದ್ರೆ ಕಿಡಿ ಹಾರೋ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೇ ಕುತ್ತು.

ಆದರೆ ಈ ಇಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡೋ ಕಾರ್ಬೊರೇಟರ್ ಎರಡು. ಒಂದು ಮುಂದಿನ ಮೂರು ಸಿಲಿಂಡರ್‌ಗೆ, ಇನ್ನೊಂದು ಹಿಂದಿನ ಮೂರಕ್ಕೆ. ಮಸಿ ಕೂತಿರೋದು ಸರಿಯಾಗಿ ಆ ಹಿಂದಿನ ಮೂರರಲ್ಲೇ! ಪ್ಲಗ್ ತಪ್ಪಲ್ಲ ಇದು, ಹಿಂದಿನ ಕಾರ್ಬೊರೇಟರ್ ಪೆಟ್ರೋಲ್ ಜಾಸ್ತಿ ಕೊಡ್ತಿದೆ. 6ನ್ನೇ ಉಳಿಸಿಕೊಂಡೆ. ಇರಿಡಿಯಂ ತುದಿಯ ಪ್ಲಗ್ ಕೂಡ ಬೇಡ ಅಂದೆ, ಮಿಶ್ರಣ ಸರಿಯಾಗೋವರೆಗೂ ಮತ್ತೆ ಮತ್ತೆ ಬಿಚ್ಚಿ ನೋಡಲೇಬೇಕಲ್ಲ, ಸಾದಾ ನಿಕಲ್ ಸಾಕು. ಹೆಡ್ ಮೆತ್ತಗಿನ ಅಲ್ಯೂಮಿನಿಯಂ, ಥ್ರೆಡ್ ಕೆಡಬಾರದು, ಹಾಗಾಗಿ ಇಂಜಿನ್ ತಣ್ಣಗಿರುವಾಗಲೇ, ಪ್ಲಗ್‌ನ ಮೊದಲ ಸುತ್ತುಗಳನ್ನ ಕೈಯಲ್ಲೇ ತಿರುಗಿಸಬೇಕು.

ಶಾಕ್ ಅಬ್ಸಾರ್ಬರ್ ಮಾಡೋದೂ ಶಾಖದ ಕೆಲಸವೇ. ಸ್ಪ್ರಿಂಗ್‌ನ ಕುಣಿತವನ್ನ ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ, ಬಿಸಿಯಾಗಿ, ಅಡಗಿಸುತ್ತೆ. ಗಟ್ಟಿಯಾದಷ್ಟೂ ಕಾರು ಚುರುಕು ಅಂತಾರೆ. ನಾನು ಒಪ್ಪಲ್ಲ. ಮೂಲ ಸ್ಪ್ರಿಂಗ್ ಜೊತೆ ರೇಸಿಂಗ್ ಶಾಕ್ ಹಾಕಿದ್ರೆ, ಒರಟು ರಸ್ತೆಯಲ್ಲಿ ಒಮ್ಮೆ ಕುಗ್ಗಿದ ಸ್ಪ್ರಿಂಗ್ ಪೂರ್ತಿ ಚಾಚಿಕೊಳ್ಳೋಕೆ ಮುಂಚೆ ಮುಂದಿನ ಉಬ್ಬು ಬಂದಿರುತ್ತೆ. ಚಕ್ರ ನೆಲ ಬಿಡುತ್ತೆ. ಮೊದಲು ಸ್ಪ್ರಿಂಗ್ ತೀರ್ಮಾನ ಆಗ್ಬೇಕು, ಶಾಕ್ ಆಮೇಲೆ. ನಾನು ಕಾರನ್ನ ತಗ್ಗಿಸಿಲ್ಲ, ಹಾಗಾಗಿ ಮೂಲ ಎತ್ತರಕ್ಕೆ ಹೊಂದೋ, ರಿಬೌಂಡ್ (ಸ್ಪ್ರಿಂಗ್ ಚಾಚುವಾಗಿನ ತಡೆ) ಹೆಚ್ಚುಕಮ್ಮಿ ಮಾಡಬಹುದಾದ ಕಾರ್ಟ್ರಿಜ್, ಅಂದ್ರೆ ಕೊಳವೆಯೊಳಗೆ ಇಳಿಸೋ ಶಾಕ್, ಆರಿಸಿದೆ.

ಈಗ ಸ್ಟ್ರಟ್, ಅಂದ್ರೆ ಸ್ಪ್ರಿಂಗ್ ಮತ್ತು ಶಾಕ್ ಕೂರೋ ಕಂಬ, ಅದರ ಕೊಳವೆಗೆ ಸ್ವಲ್ಪ ಎಣ್ಣೆ ಸುರೀತಿದೀನಿ, ನೋಡಿ. ಕಾರ್ಟ್ರಿಜ್ ಕೂತಾಗ ಇದು ಸುತ್ತಲಿನ ಸಂದಿಯಲ್ಲಿ ಮೇಲೇರಿ, ಒಳಗಿನ ಬಿಸಿಯನ್ನ ಹೊರಗಿನ ಕೊಳವೆಗೆ ದಾಟಿಸುತ್ತೆ. ಇದಿಲ್ಲದಿದ್ರೆ ನಡುವೆ ಬರೀ ಗಾಳಿ. ತುಂಬಾ ಜನ ಬಿಟ್ಟುಬಿಡೋ ಹೆಜ್ಜೆ ಇದು, ದಯವಿಟ್ಟು ಬಿಡಬೇಡಿ.

ನಾಲ್ಕೂ ಸ್ಟ್ರಟ್ ಕೂತಮೇಲೆ ಹಿಂದಿನ ಕಾರ್ಬೊರೇಟರ್ ಕೆಳಗಿನ ನಟ್ಟನ್ನ ಸ್ವಲ್ಪ ಮೇಲಕ್ಕೆ ತಿರುಗಿಸ್ತೀನಿ. ಅದರಿಂದ ಜೆಟ್, ಅಂದ್ರೆ ಪೆಟ್ರೋಲ್ ಬರೋ ಸಣ್ಣ ನಳಿಗೆ, ಏರಿದ್ರೆ ಪೆಟ್ರೋಲ್ ಕಮ್ಮಿಯಾಗುತ್ತೆ. ಒಂದು ಸುತ್ತು ಓಡಿಸಿ ಬಂದು, ಅದೇ ಮೂರು ಪ್ಲಗ್ ಮತ್ತೆ ಬಿಚ್ಚೋದು.